ಉಸ್ಸಪ್ಪನ ಸೈಲೆನ್ಸರ್

ಆತನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕಂತೆ ಕಚೇರಿಗೆಲ್ಲ ಆತ ಉಸ್ಸಪ್ಪ. ಅದಕ್ಕೆ ಕಾರಣ ಮೆಟ್ಟಿಲು. ನಗರಾಡಳಿತದ ಶಬ್ದ ನಿಯಂತ್ರಣ ವಿಭಾಗ ಇದ್ದದ್ದು ಮೂರನೆಯ ಮಹಡಿಯಲ್ಲಿ. ಲಿಫ್ಟು ಕೆಟ್ಟು ಎಷ್ಟು ಕಾಲವಾಗಿತ್ತೆಂದರೆ, ಅದರೊಳಗೆ ಹಳೆಯ ಫೈಲುಗಳನ್ನು ಜೋಡಿಸಿ ಹೊರಗಿನಿಂದ ಬೀಗ ಜಡಿದಿದ್ದರು. ದೂರು ಕೊಡಲು ಬಂದವರು ಅರವತ್ತೆಂಟು ಮೆಟ್ಟಿಲು ಹತ್ತಿ, ಎದುರಿಗೆ ಕಂಡ ಮರದ ಕುರ್ಚಿಯಲ್ಲಿ ಕುಸಿದು, "ಉಸ್ಸಪ್ಪಾ!" ಎನ್ನುತ್ತಿದ್ದರು. ಮೇಜಿನ ಆ ಬದಿಯಲ್ಲಿ ಕೂತ ಹಿರಿಯ ಗುಮಾಸ್ತ ತಲೆಯೆತ್ತಿ, "ಏನಾಗಬೇಕಿತ್ತು?" ಎಂದು ಕೇಳುತ್ತಿದ್ದ. ಕರೆಯುವುದೂ ಓಗೊಡುವುದೂ ಇಷ್ಟು ಸರಿಯಾಗಿ ಹೊಂದಿಕೊಂಡ ಮೇಲೆ ನಾಮಕರಣಕ್ಕೆ ಬೇರೆ ಯಾರು ಬೇಕು? ಇಪ್ಪತ್ತೆರಡು ವರ್ಷದಿಂದ ಆತ ಹೀಗೇ ಓಗೊಡುತ್ತಿದ್ದ.

ಆ ಮೇಜು ಇದ್ದದ್ದಾದರೂ ಕೋಣೆಯಲ್ಲಲ್ಲ, ಮೆಟ್ಟಿಲು ಮುಗಿಯುವಲ್ಲಿ, ನಡೆದಾಡುವ ಹಾದಿಯಲ್ಲಿ. ಗಾಳಿ ಬೀಸಿದರೆ ಕಾಗದ ಹಾರುತ್ತಿತ್ತು. ಮಳೆ ಬಂದರೆ ಜನ ಒದ್ದೆ ಕೊಡೆಯನ್ನು ಅವನ ಕುರ್ಚಿಯ ಬೆನ್ನಿಗೇ ನೇತುಹಾಕಿ ಒಳಗೆ ಹೋಗುತ್ತಿದ್ದರು. ಶಬ್ದ ನಿಯಂತ್ರಿಸುವ ಈ ಮೇಜಿಗೆ ಮೂರು ಮಹಡಿಗಳ ಶಬ್ದವೂ ಏರಿ ಬರುತ್ತಿತ್ತು. ಅವನ ಬೆನ್ನ ಹಿಂದೆ ಒಂದು ಕೋಣೆಯಿತ್ತು. ಪರಿವೀಕ್ಷಕರ ಕೋಣೆ. ಅದಕ್ಕೆ ದಪ್ಪ ಮರದ ಬಾಗಿಲು, ಬಾಗಿಲಿಗೆ ಹಿತ್ತಾಳೆಯ ಹಿಡಿಕೆ. ಉಸ್ಸಪ್ಪನಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ: ಆ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಕೂರಬೇಕು. ಜನ ಅರಮನೆಗೆ ಆಸೆಪಡುತ್ತಾರೆ, ಅವನು ಒಂದು ಬಾಗಿಲಿಗೆ ಪಟ್ಟ.

ಆ ವರ್ಷ ಪರಿವೀಕ್ಷಕರು ನಿವೃತ್ತರಾದರು. ಹೊಸಬರ ಆಯ್ಕೆಗೆ ಸುತ್ತೋಲೆ ಬಂತು. ಸೇವಾ ಹಿರಿತನ ಇರತಕ್ಕದ್ದು. ಸ್ಥಳ ತನಿಖೆಗೆ ಹೋಗಲು ಸ್ವಂತ ವಾಹನ ಇರತಕ್ಕದ್ದು. ಸದರಿ ವಾಹನವು ಶಬ್ದದ ವಿಷಯದಲ್ಲಿ ಸಾರ್ವಜನಿಕರಿಗೆ ಮಾದರಿಯಾಗಿರತಕ್ಕದ್ದು. ಮುಂದಿನ ಸೋಮವಾರದ ಮರು ಸೋಮವಾರ ಸಾಹೇಬರೇ ಖುದ್ದಾಗಿ ವಾಹನ ಪರೀಕ್ಷೆ ಮಾಡುವರು.

ವಿಭಾಗದಲ್ಲಿ ವಾಹನ ಇದ್ದವರು ಇಬ್ಬರೇ. ಒಬ್ಬ ಉಸ್ಸಪ್ಪ. ಇನ್ನೊಬ್ಬಳು ಅವನ ಕೈಕೆಳಗಿನ ಕಿರಿಯ ಗುಮಾಸ್ತೆ. ಅವಳದ್ದು ಬ್ಯಾಟರಿಯ ಮೇಲೆ ಓಡುವ ಸ್ಕೂಟರು.

"ಅದೇನು ಗಾಡೀನಮ್ಮಾ? ಒಂದು ಸೈಲೆನ್ಸರ್ ಕೂಡ ಇಲ್ಲ," ಎಂದು ಉಸ್ಸಪ್ಪ ನಕ್ಕಿದ್ದ. ಅವಳೂ ನಕ್ಕಿದ್ದಳು. ಕೆಲಸ ಕಲಿಸಿದ ಗುರು ನಕ್ಕಾಗ ನಗುವುದು ಮರ್ಯಾದೆ. ಅವಳಿಗೆ ಅವನು ಕಲಿಸಿದ ಮೊದಲ ಪಾಠ, "ಫೈಲಿಗೆ ಮುಖ ಇರಲ್ಲ, ನಂಬರ್ ಮಾತ್ರ" ಎಂಬುದು. ಅವಳು ಸೇರಿದ ಮೊದಲ ತಿಂಗಳೇ ಅವಳ ಅಪ್ಪನ ಮುದ್ರಣ ಯಂತ್ರದ ಸದ್ದಿನ ಮೇಲೆ ದೂರು ಬಂದಿತ್ತು. "ನೋಟಿಸು ನೀನೇ ಬರಿ. ಆಗಲೇ ಕೈ ಕೂರೋದು," ಎಂದು ಅವಳಿಂದಲೇ ಬರೆಸಿದ್ದ. ಮುದ್ರಣಾಲಯ ಮುಚ್ಚಿಹೋಯಿತು, ಅವಳ ಕೈ ಮಾತ್ರ ಚೆನ್ನಾಗಿ ಕೂತಿತು. ಈ ಮಾತನ್ನು ಉಸ್ಸಪ್ಪ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ.

ಈಗ ಅವನ ಕಾರಿನ ವಿಚಾರ. ಹದಿನಾರು ವರ್ಷದ ಆ ಸಣ್ಣ ಕಾರನ್ನು ಅವನು ಕೊಂಡದ್ದು ಷಡ್ಡಕನಿಂದ, ಅಂದರೆ ಹೆಂಡತಿಯ ತಂಗಿಯ ಗಂಡನಿಂದ. ಷಡ್ಡಕ ಹೊಸದು ಕೊಂಡಾಗ ಹಳೆಯದನ್ನು ಇವನ ತಲೆಗೆ ಕಟ್ಟಿದ್ದ. ಸೈಲೆನ್ಸರಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು ಬಿದ್ದು, ಅದನ್ನು ಮಂಚದ ತಂತಿಯಿಂದ ಬಿಗಿದಿತ್ತು. ಓಡುವಾಗ ಅದು ಕೆಮ್ಮುತ್ತಿತ್ತು, ನಿಂತಾಗ ನರಳುತ್ತಿತ್ತು. ಒಂದು ತೇಪೆ ಹಾಕಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಭಾನುವಾರ ಷಡ್ಡಕ ಊಟಕ್ಕೆ ಬಂದ. ಷಡ್ಡಕನ ಬಾಯಲ್ಲಿ ರಿಪೇರಿ ಎಂಬ ಮಾತೇ ಬರುತ್ತಿರಲಿಲ್ಲ. ಅವನು ಸೋಫಾ ಅಪ್‌ಗ್ರೇಡ್ ಮಾಡಿಸಿದ್ದ, ಫೋನು ಅಪ್‌ಗ್ರೇಡ್ ಮಾಡಿಸಿದ್ದ, ಮೊನ್ನೆ ಎರಡು ಹಲ್ಲು ಕಟ್ಟಿಸಿಕೊಂಡದ್ದನ್ನೂ ಅಪ್‌ಗ್ರೇಡ್ ಎಂದೇ ಸಾರಿದ್ದ.

"ಏನು ಭಾವ, ಆ ಡಬ್ಬಾ ಇಟ್ಕೊಂಡು ಪರಿವೀಕ್ಷಕ ಆಗ್ತೀರಂತೆ?" ಎಂದು ಕೈ ತೊಳೆಯುತ್ತ ಕೇಳಿದ.

ನಾದಿನಿ ಕಿಸಕ್ಕೆಂದಳು. ಹೆಂಡತಿ ತಟ್ಟೆ ಎತ್ತುವವಳು ನಿಂತಳು. ಉಸ್ಸಪ್ಪ ಗಂಟಲು ಸರಿಮಾಡಿಕೊಂಡು, "ಅಪ್‌ಗ್ರೇಡ್ ಮಾಡಿಸ್ತಿದೀನಿ," ಎಂದ.

"ಏನನ್ನ?"

"ಸೈಲೆನ್ಸರನ್ನ."

ಷಡ್ಡಕನ ಕೈಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. "ಸೈಲೆನ್ಸರ್ ಅಪ್‌ಗ್ರೇಡಾ! ನೀವಾ? ಪರವಾಗಿಲ್ವೇ!" ಎಂದ. ಇಪ್ಪತ್ತು ವರ್ಷದ ನೆಂಟಸ್ತಿಕೆಯಲ್ಲಿ ಷಡ್ಡಕ ಇವನನ್ನು ನೋಡಿ ಬೆರಗಾದದ್ದು ಅದೇ ಮೊದಲು. ಆ ಬೆರಗಿನ ರುಚಿ ಹತ್ತಿಬಿಟ್ಟಿತು.

ಮನೆಯಲ್ಲಿ ಹಣವೇನೂ ಕೊಳೆಯುತ್ತಿರಲಿಲ್ಲ. ಇದ್ದದ್ದು ಹೆಂಡತಿಯ ಕನ್ನಡಕಕ್ಕೆಂದು ಎತ್ತಿಟ್ಟದ್ದು. ಅವಳ ಎಡಗಣ್ಣಿನ ಗಾಜು ಬಿರುಕು ಬಿಟ್ಟು ವರ್ಷವಾಗಿತ್ತು. "ನನಗೇನು, ಒಂದು ಕಣ್ಣಲ್ಲೇ ಓದ್ತೀನಿ. ನಿಮಗೆ ಬಾಗಿಲು ಸಿಕ್ಕಿದ್ರೆ ಸಾಕು," ಎಂದು ಅವಳೇ ಡಬ್ಬಿ ತಂದು ಕೊಟ್ಟಳು.

ಗ್ಯಾರೇಜಿನವನು ಉಸ್ಸಪ್ಪನನ್ನು ಕಂಡೊಡನೆ ಒಳಗೆ ನೋಡುತ್ತ, "ತಂತಿ ಬದಲಾಯಿಸ್ಬೇಕಾ ಸಾರ್?" ಎಂದ.

"ತಂತಿ ಅಲ್ಲಯ್ಯಾ. ಅಪ್‌ಗ್ರೇಡ್."

ಗ್ಯಾರೇಜಿನವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಕೈ ಒರೆಸಿಕೊಂಡ. ಒಳಗಿನಿಂದ ಕುರ್ಚಿ ತಂದು ಹಾಕಿ, ತಾನೇ ಅದರ ಧೂಳು ಹೊಡೆದ.

"ಯಾವ ಲೆವೆಲ್ಲಿಗೆ ಸಾರ್?"

"ದೊಡ್ಡದು. ಸೈಲೆನ್ಸರ್ ದೊಡ್ಡದಾದಷ್ಟೂ ಒಳ್ಳೇದಲ್ವಾ?"

"ಅದ್ರಲ್ಲೇನು ಅನುಮಾನ! ಸೌಂಡು ಹೇಗಿರ್ಬೇಕು ಹೇಳಿ."

"ನನ್ನ ಗಾಡಿ ಬಂತು ಅಂದ್ರೆ ಏನೂ ಕೇಳಿಸ್ಬಾರ್ದು."

ಗ್ಯಾರೇಜಿನವನ ಕಣ್ಣು ಅರಳಿತು. "ಏನೂ ಅಂದ್ರೆ... ಏನೂನಾ?"

"ಏನೂ. ಸೋಮವಾರ ನಮ್ಮ ಸಾಹೇಬ್ರು ಪರೀಕ್ಷೆ ಮಾಡ್ತಾರೆ. ಅವರ ಬಾಯಿ ಕಟ್ಟಿಹೋಗ್ಬೇಕು."

"ಬಾಯೇನು ಬಂತು ಸಾರ್, ಕಿವೀನೂ ಮುಚ್ಕೊಂಡು ನಿಲ್ತಾರೆ."

"ಮುಚ್ಕೊಂಡ್ರೂ ಅಷ್ಟೆ, ತೆಗೆದ್ರೂ ಅಷ್ಟೆ ಅನ್ನೋ ಹಾಗಿರ್ಬೇಕು," ಎಂದು ಉಸ್ಸಪ್ಪ ತೊಡೆ ತಟ್ಟಿದ.

"ಅದೂ ಸರಿ ಅನ್ನಿ!" ಎಂದು ಗ್ಯಾರೇಜಿನವನು ಗೌರವದಿಂದ ತಲೆದೂಗಿದ. ಸಾಧುಪ್ರಾಣಿಯಂತಿದ್ದ ಈ ಮನುಷ್ಯನೊಳಗೆ ಇಂಥ ಕಿಚ್ಚಿತ್ತೇ ಎಂದು ಅವನಿಗೆ ಅಚ್ಚರಿಯಾಗಿರಬೇಕು.

"ಒಂದು ಮಾತು. ಬಜೆಟ್ಟು ಸ್ವಲ್ಪ..."

"ಬಿಗಿನಾ?"

"ಉಸಿರಾಡ್ಬಹುದು, ಅಷ್ಟೆ."

ಅದಕ್ಕೂ ಗ್ಯಾರೇಜಿನವನ ಬಳಿ ದಾರಿಯಿತ್ತು. ರೇಸಿನ ಹುಚ್ಚಿನ ಶ್ರೀಮಂತನೊಬ್ಬ ಗಾಡಿಯನ್ನು ಕಂಬಕ್ಕೆ ಗುದ್ದಿ ನಜ್ಜುಗುಜ್ಜು ಮಾಡಿಕೊಂಡಿದ್ದ. ಸೈಲೆನ್ಸರಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. "ದೊಡ್ಡವರ ಮನೆ ಗಾಡೀದು ಸಾರ್, ಅಸಲಿ ಮಾಲು. ನಿಮಗೆ ಅಂತ ಅರ್ಧಕ್ಕೆ ಕೊಡ್ತೀನಿ," ಎಂದ. ದೊಡ್ಡವರ ಮನೆಯ ವಸ್ತುಗಳು ಸದ್ದು ಮಾಡುವುದಿಲ್ಲ ಎಂದು ಉಸ್ಸಪ್ಪ ನಂಬಿದ್ದ. ಇಡೀ ವ್ಯವಹಾರದಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಶನಿವಾರ ಮಧ್ಯಾಹ್ನ ಗಾಡಿ ಸಿದ್ಧವಾಯಿತು. ಹಿಂದೆ ನೋಡಿದರೆ ಬಕೆಟ್ಟಿನ ಬಾಯಿಯಷ್ಟು ಅಗಲದ, ಫಳಫಳ ಹೊಳೆಯುವ ಕೊಳವೆ. ಉಸ್ಸಪ್ಪ ಅದರಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡ. ಹಣ ಕೊಟ್ಟ. ಒಳಗೆ ಕೂತು ಕೀಲಿ ತಿರುಗಿಸಿದ.

ಭೂಮಿ ಬಿರಿಯಿತೆಂದೇ ಅವನು ತಿಳಿದ. ಗ್ಯಾರೇಜಿನ ತಗಡು ಗಡಗಡ ನಡುಗಿತು. ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳು ಒಂದೊಂದಾಗಿ ಉದುರಿದವು. ಉಸ್ಸಪ್ಪ ಕಿಟಕಿಯಿಂದ ಕತ್ತು ಹೊರಹಾಕಿ, "ಅಯ್ಯೋ, ಇದೇನ್ ಮಾಡಿಟ್ಟಿದೀಯಾ! ತೆಗಿಯೋ ಇದನ್ನ!" ಎಂದು ಅರಚಿದ. ಗ್ಯಾರೇಜಿನವನಿಗೆ ಕಂಡದ್ದು ಅಲುಗಾಡುವ ಬಾಯಿ, ಒದ್ದೆಯಾದ ಕಣ್ಣು. ಗಿರಾಕಿ ಧನ್ಯವಾದ ಹೇಳುತ್ತಿದ್ದಾನೆ ಎಂದುಕೊಂಡು ಅವನೂ ಕಣ್ಣೊರೆಸಿಕೊಂಡು ಎರಡೂ ಕೈ ಎತ್ತಿದ. ಉಸ್ಸಪ್ಪ ಎಂಜಿನ್ ಆರಿಸಿ ಕೆಳಗಿಳಿಯುವಷ್ಟರಲ್ಲಿ ಅವನು ತಗಡಿನ ಬಾಗಿಲು ಎಳೆದು, ಹತ್ತು ದಿನದ ಮಟ್ಟಿಗೆ ಹೆಂಡತಿಯ ತವರಿಗೆ ಹೋಗುವ ಬಸ್ಸು ಹತ್ತಿಯಾಗಿತ್ತು. ಹಳೆಯ ಸೈಲೆನ್ಸರು ಬೆಳಿಗ್ಗೆಯೇ ಗುಜರಿಗೆ ಹೋಗಿತ್ತು.

ಬೇರೆ ದಾರಿಯಿಲ್ಲದೆ ಅದರಲ್ಲೇ ಮನೆಗೆ ಬಂದ. ದಾರಿಯುದ್ದಕ್ಕೂ ಜನ ಪಕ್ಕಕ್ಕೆ ಸರಿದು ನಿಂತರು. ಮನೆಯ ಹಿಂದಿನ ಗೋಡೆಯ ಮರೆಗೆ ಕಾರನ್ನು ತಳ್ಳಿ ಒಳಗೆ ಬಂದಾಗ ಹೆಂಡತಿಯ ತುಟಿ ಅಲ್ಲಾಡುತ್ತಿತ್ತು. ಅವನ ಕಿವಿಯಲ್ಲಿ ಗುಂಯ್ ಎನ್ನುವುದೊಂದೇ ಇತ್ತು.

"ಅಪ್‌ಗ್ರೇಡ್," ಎಂದ, ಅವಳು ಏನು ಕೇಳಿದಳೋ ತಿಳಿಯದೆ.

ಸಂಜೆ ಎದುರುಮನೆಯ ನಿವೃತ್ತ ಮೇಷ್ಟ್ರು ಬಂದರು. ಇವರು ಶಬ್ದ ನಿಯಂತ್ರಣ ವಿಭಾಗದ ಕಾಯಂ ಗಿರಾಕಿ. ಪಕ್ಕದವರ ಮಿಕ್ಸಿ, ಹಿಂದಿನ ಬೀದಿಯ ಹುಂಜ, ಅಂಚೆಯವನ ಸೈಕಲ್ಲಿನ ಗಂಟೆ, ಎಲ್ಲದರ ಮೇಲೂ ದೂರು ಬರೆದಿದ್ದರು. ಬರೆಯುವ ಮುನ್ನ ಕರಡನ್ನು ಉಸ್ಸಪ್ಪನಿಗೆ ತೋರಿಸಿ ತಿದ್ದಿಸುವುದು ಪದ್ಧತಿ.

"ಯಾವನೋ ಪುಂಡ ನಮ್ಮ ಬೀದಿಗೆ ಬಂದಿದ್ದ ಕಣ್ರೀ ಮಧ್ಯಾಹ್ನ. ಮಲಗಿದ್ದೆ. ಲೋಟದಲ್ಲಿಟ್ಟಿದ್ದ ನನ್ನ ಹಲ್ಲಿನ ಸೆಟ್ಟು ನೀರೊಳಗೇ ಕುಣೀತು! ಕನ್ನಡಕ ಹುಡುಕಿ ಕಿಟಕಿಗೆ ಬರೋಷ್ಟರಲ್ಲಿ ಮಾಯ. ನೀವು ಕೇಳಿಸ್ಕೊಂಡ್ರಾ?"

"ಕೇಳಿಸ್ತು," ಎಂದ ಉಸ್ಸಪ್ಪ. ಅಷ್ಟು ನಿಜ ಹೇಳುವ ಧೈರ್ಯ ಅವನಿಗಿತ್ತು.

ಮೇಷ್ಟ್ರು ಕಾಗದ ಮುಂದಿಟ್ಟರು. "ಒಂದು ಕಾರು ತುಂಬಾ ಜೋರಾಗಿ ಸದ್ದು ಮಾಡಿತು, ಕ್ರಮ ಕೈಗೊಳ್ಳಿ," ಎಂದು ಎರಡು ಸಾಲು. ಉಸ್ಸಪ್ಪ ಅದನ್ನು ನೋಡಿದ. ಹಾಗೇ ಬಿಟ್ಟಿದ್ದರೆ ಆ ದೂರು ಯಾವ ಮೇಜಿನ ಮೇಲಾದರೂ ಸಾಯುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದ ಕಸುಬು ಸುಮ್ಮನಿರಲು ಬಿಡಬೇಕಲ್ಲ. ಪೆನ್ನು ತಾನಾಗಿ ಕೈಗೆ ಬಂತು. 'ಜೋರಾಗಿ' ಎಂಬುದನ್ನು ಹೊಡೆದುಹಾಕಿ 'ಕರ್ಣಕಠೋರವೂ ಸಾರ್ವಜನಿಕ ನೆಮ್ಮದಿಗೆ ಭಂಗಕಾರಿಯೂ ಆದ' ಎಂದು ಬರೆದ. ವೃದ್ಧರು, ರೋಗಿಗಳು, ಹಸುಗೂಸುಗಳು ಎಂದು ಸೇರಿಸಿದ. ನಿಯಮದ ಸಂಖ್ಯೆ, ಉಪನಿಯಮದ ಸಂಖ್ಯೆ ಹಾಕಿದ. ಸಿಕ್ಕಿಬಿದ್ದವರೆಲ್ಲ ಕೊನೆಗೆ ನನಗೆ ಗೊತ್ತಿರಲಿಲ್ಲ ಎಂದೇ ಹೇಳುತ್ತಾರೆಂಬುದು ಅವನಿಗೆ ಅನುಭವದಿಂದ ಗೊತ್ತು. ಆದ್ದರಿಂದ, 'ಇದು ಉದ್ದೇಶಪೂರ್ವಕ ಮಾರ್ಪಾಡಾಗಿದ್ದು, ಮಾಲೀಕನು ಅಜ್ಞಾನದ ನೆಪ ಹೇಳಲು ಅವಕಾಶ ಕೊಡಕೂಡದು' ಎಂದೂ ಬರೆದ. ಗಾಡಿಯ ಸಂಖ್ಯೆಗೆ ಜಾಗ ಬಿಟ್ಟ.

"ನೀಟಾಗಿ ನಕಲು ಮಾಡಿಟ್ಟು, ಸಂಖ್ಯೆ ಸಿಕ್ಕ ಕೂಡಲೇ ತುಂಬ್ಕೊತೀನಿ," ಎಂದು ಮೇಷ್ಟ್ರು ಎದೆಗೊತ್ತಿಕೊಂಡು ಹೋದರು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಿಮ್ಮ ಮೇಲಿನ ದೂರು ನೀವೇ ಬರ್ಕೊಟ್ರಾ?"

"ಕರಡು ತುಂಬಾ ಕೆಟ್ಟದಾಗಿತ್ತು ಕಣೇ," ಎಂದ ಉಸ್ಸಪ್ಪ.

ಭಾನುವಾರವಿಡೀ ಗಂಡಹೆಂಡಿರು ಕೊಳವೆಯ ಬಾಯಿ ಮುಚ್ಚಲು ಹೆಣಗಿದರು. ಹಳೆಯ ಚಾದರ ಬಿದ್ದುಹೋಯಿತು, ದಿಂಬು ತೂರಲಿಲ್ಲ. ಕೊನೆಗೆ ಹೆಂಡತಿ ಪೆಟ್ಟಿಗೆಯ ತಳದಿಂದ ಒಂದು ಸ್ವೆಟರು ತೆಗೆದಳು. ಮದುವೆಯಾದ ಮೊದಲ ವರ್ಷ ಅವನಿಗೆಂದು ಹೆಣೆದದ್ದು. ಅದು ಹೇಳಿ ಮಾಡಿಸಿದಂತೆ ಕೂತಿತು. ಒಂದು ಕ್ಷಣ ಕೀಲಿ ತಿರುಗಿಸಿದಾಗ ಬರಿಯ 'ಉಂ' ಎಂಬ ದನಿ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು.

ಸೋಮವಾರ ಬೆಳಕು ಹರಿಯುತ್ತಲೇ, ಬೀದಿಯವರಿಗೆ ತಿಳಿಯಬಾರದೆಂದು ಅವಳು ಹಿಂದಿನಿಂದ ತಳ್ಳಿದಳು, ಅವನು ಸ್ಟೀರಿಂಗ್ ಹಿಡಿದ. ಬೀದಿಯ ತಿರುವು ದಾಟಿದ ಮೇಲೆ ಅವಳು ಸೊಂಟದ ಮೇಲೆ ಕೈಯಿಟ್ಟು, "ಬಾಗಿಲು ಹಾಕ್ಕೊಂಡು ಕೂತ ಮೇಲೆ ಒಂದು ಫೋನ್ ಮಾಡ್ರೀ. ಎಷ್ಟು ನಿಶ್ಶಬ್ದ ಇರುತ್ತೆ ಅಂತ ನಾನೂ ಕೇಳಿಸ್ಕೊತೀನಿ," ಎಂದಳು.

ಕಚೇರಿಯ ಅಂಗಳದಲ್ಲಿ ಸಾಹೇಬರು ಕಾಯುತ್ತಿದ್ದರು. ಅವರಿಗೆ ಒಂದು ವಿಶೇಷ ಗುಣವಿತ್ತು: ತಮಗೆ ತಿಳಿಯದ ಸಂಗತಿ ಇದೆಯೆಂದು ಅವರು ಎಂದೂ ಒಪ್ಪಿದವರಲ್ಲ. ಕಿರಿಯ ಗುಮಾಸ್ತೆ ಕೈಯಲ್ಲಿ ಶಬ್ದಮಾಪಕ ಹಿಡಿದಿದ್ದಳು. ವಿಭಾಗಕ್ಕೆ ಇದ್ದದ್ದು ಅದೊಂದೇ. ಸವೆಯಬಾರದೆಂದು ಉಸ್ಸಪ್ಪ ಅದನ್ನು ಹನ್ನೊಂದು ವರ್ಷ ಬೀರುವಿನಲ್ಲಿಟ್ಟು ಕಾಪಾಡಿದ್ದ. ಅವಳ ಸ್ಕೂಟರಿನ ಪರೀಕ್ಷೆ ಆಗಲೇ ಮುಗಿದಿತ್ತು. ಮುಳ್ಳು ಕದಲದೇ ಇದ್ದದ್ದರಿಂದ ಮಾಪಕ ಕೆಟ್ಟಿರಬೇಕೆಂದು ಸಾಹೇಬರು ತೀರ್ಮಾನಿಸಿದ್ದರು.

"ಸ್ಟಾರ್ಟ್ ಮಾಡಿ," ಎಂದರು.

'ಉಂ' ಎಂದಿತು ಕಾರು. ಮುಳ್ಳು ಒಂದಿಷ್ಟು ಕದಲಿತು. ಸಾಹೇಬರು ಮೆಚ್ಚಿ ತಲೆದೂಗಿದರು. "ಈಗ ಸ್ವಲ್ಪ ಆಕ್ಸಿಲರೇಟರ್ ಒತ್ತಿ."

ಉಸ್ಸಪ್ಪ ಹೆಬ್ಬೆರಳಿನ ತುದಿಯಿಂದ ಮುಟ್ಟಿದ.

"ಒತ್ತಿ ಅಂದೆ. ಸವರಿ ಅನ್ನಲಿಲ್ಲ."

ಒತ್ತಿದ. ಫಿರಂಗಿಯಿಂದ ಹಾರಿದಂತೆ ಸ್ವೆಟರು ಹಾರಿತು. ಎರಡೂ ತೋಳು ಚಾಚಿಕೊಂಡು ಅಂಗಳ ದಾಟಿ, ಎದುರಿನ 'ನಿಶ್ಶಬ್ದ ವಲಯ' ಎಂಬ ಫಲಕವನ್ನು ಅಪ್ಪಿ ನೇತುಬಿತ್ತು. ಅದರ ಹಿಂದೆಯೇ ಗರ್ಜನೆ. ಮೂರೂ ಮಹಡಿಗಳ ಕಿಟಕಿಗಳಲ್ಲಿ ತಲೆಗಳು ಕಂಡವು. ಸಾಹೇಬರು ಎರಡೂ ಕಿವಿ ಮುಚ್ಚಿಕೊಂಡರು; ಗ್ಯಾರೇಜಿನವನು ಮಾತಿಗೆ ತಪ್ಪುವವನಲ್ಲ. ಮುಳ್ಳು ಬಲಗಡೆಯ ಕೊನೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಅದು ಮತ್ತೆಂದೂ ವಾಪಸು ಬರಲಿಲ್ಲ.

ಉಸ್ಸಪ್ಪ ಎಂಜಿನ್ ಆರಿಸಿ ಇಳಿದ. ಕಿವಿಯಲ್ಲಿ ಗುಂಯ್. ಸಾಹೇಬರ ತುಟಿ ಅಲ್ಲಾಡುತ್ತಿತ್ತು. ಸಾಹೇಬರ ತುಟಿ ಅಲ್ಲಾಡಿದರೆ ತಾನು ತಲೆಯಾಡಿಸುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಆಡಿಸಿದ. ಮತ್ತೆ ತುಟಿ ಅಲ್ಲಾಡಿತು, ಮತ್ತೆ ಆಡಿಸಿದ. ಸಾಹೇಬರು ಮುಂದೆ ಬಂದು ಅವನ ಬೆನ್ನು ತಟ್ಟಿದರು. ಕಿವಿ ತೆರೆದುಕೊಂಡಾಗ ಕೇಳಿದ್ದು ಇಷ್ಟು:

"ಭಲೇ! ಅಧಿಕಾರ ಕೈಗೆ ಬರೋ ಮುಂಚೇನೇ ಪುಂಡನ ಗಾಡಿ ಹಿಡ್ಕೊಂಡು ಬಂದಿದೀರಾ! ನೋಡಿ ಎಲ್ರೂ, ಇದು ಕೆಲಸ ಅಂದ್ರೆ. ಸ್ವೆಟರ್ ತುರುಕಿ ಸಾಕ್ಷ್ಯ ಮುಚ್ಚೋಕೆ ನೋಡಿದಾನೆ ಕಳ್ಳ. ಆ ಸ್ವೆಟರೂ ಜಪ್ತಿ ಮಾಡಿ!"

"ಸಾರ್, ಅದು..."

"ವಿನಯ ಸಾಕು. ನಿಮ್ಮ ಸ್ವಂತ ಗಾಡಿ ನೋಡೋ ಅಗತ್ಯಾನೇ ಇಲ್ಲ. ಹೋಗಿ, ಕೋಣೇಲಿ ಕೂತ್ಕೊಳಿ. ಸಂಜೆ ಆದೇಶ ಟೈಪ್ ಆಗುತ್ತೆ."

ನಿಜ ಹೇಳಲು ಅವನಿಗೆ ಅರವತ್ತೆಂಟು ಮೆಟ್ಟಿಲುಗಳಷ್ಟು ಸಮಯವಿತ್ತು. ಒಂದೊಂದು ಮೆಟ್ಟಿಲಿನಲ್ಲೂ ಒಬ್ಬೊಬ್ಬರು ಕೈ ಕುಲುಕಿದರು. ಯಾರಿಗೆ ಹೇಳುವುದು?

ಕೋಣೆಯ ಒಳಗೆ ಹೋಗಿ ಹಿತ್ತಾಳೆಯ ಹಿಡಿಕೆ ಹಿಡಿದು ಬಾಗಿಲು ಹಾಕಿಕೊಂಡ. ಮೂರು ಮಹಡಿಗಳ ಸದ್ದು ಕತ್ತರಿಸಿದಂತೆ ನಿಂತಿತು. ಗೋಡೆಯ ಗಡಿಯಾರದ ಟಿಕ್‌ಟಿಕ್ ಕೇಳಿಸಿತು. ತನ್ನ ಉಸಿರು ತನಗೇ ಕೇಳಿಸಿತು. ಉಸ್ಸಪ್ಪನಿಗೆ ಅಳು ಬಂತು. ಇಷ್ಟು ಸುಖ ಒಂದು ಹಲಗೆಯ ಈಚೆಗೆ ಇಪ್ಪತ್ತೆರಡು ವರ್ಷದಿಂದ ಇತ್ತಲ್ಲ ಎಂದು ಹೊಟ್ಟೆ ಉರಿದುಹೋಯಿತು. ಹೆಂಡತಿಗೆ ಫೋನು ಮಾಡಿ, ಏನೂ ಮಾತಾಡದೆ ಅದನ್ನು ಗಾಳಿಯಲ್ಲಿ ಹಿಡಿದ. ಆ ಕಡೆಯಿಂದ ಅವಳೂ ಮಾತಾಡಲಿಲ್ಲ.

ಹನ್ನೊಂದು ನಿಮಿಷವಾಗಿತ್ತು, ಬಾಗಿಲು ತಟ್ಟಿದ ಸದ್ದಾಯಿತು. ಕಿರಿಯ ಗುಮಾಸ್ತೆ ಒಳಗೆ ಬಂದಳು. ಕೈಯಲ್ಲಿ ಒಂದು ದೂರು. ಅದರಲ್ಲಿದ್ದ ಮೇಷ್ಟ್ರ ಅಕ್ಷರದ ಗುರುತು ದೂರದಿಂದಲೇ ಉಸ್ಸಪ್ಪನಿಗೆ ಸಿಕ್ಕಿತು.

"ಕೆಳಗಿರೋ ಗಾಡಿ ಮೇಲೆ ದೂರು ಬಂದಿದೆ ಸರ್. ಒಬ್ಬರು ಮೇಷ್ಟ್ರು ಕೊಟ್ಟು ಹೋದ್ರು. ಬೆಳಿಗ್ಗೆ ಯಾರೋ ಇಬ್ಬರು ಸದ್ದಿಲ್ಲದೆ ಕಾರು ತಳ್ಕೊಂಡು ಹೋಗ್ತಿದ್ರಂತೆ, ಮಬ್ಬಿನಲ್ಲಿ ಮುಖ ಕಾಣ್ಲಿಲ್ವಂತೆ. ಕಳ್ಳರು ಅಂತ ಸಂಖ್ಯೆ ಬರ್ಕೊಂಡಿದಾರೆ. ಆಮೇಲೆ ತಿರುವಿನಲ್ಲಿ ಸ್ಟಾರ್ಟ್ ಮಾಡಿದಾಗ, ಮೊನ್ನೆಯ ಸದ್ದೇ ಮೂಗು ಹಿಡ್ಕೊಂಡ ಹಾಗಿದೆ ಅಂತ ಗೊತ್ತಾಯ್ತಂತೆ." ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು. "ಮಾಲೀಕರು ಯಾರು ಅಂತ ನೋಂದಣಿ ಪುಸ್ತಕ ನೋಡ್ದೆ ಸರ್."

"ಬಾಗಿಲು ಹಾಕಮ್ಮ," ಎಂದ ಉಸ್ಸಪ್ಪ.

ಹಾಕಿದಳು. ಆ ಬಾಗಿಲು ಅವನ ಮಾತಿಗೆ ಮುಚ್ಚಿಕೊಂಡದ್ದು ಅದೊಂದೇ ಸಲ.

"ಎರಡು ದಿನ ಇಟ್ಕೊ. ಆದೇಶ ಒಂದು ಬರ್ಲಿ. ನನಗೆ ಈ ಕೋಣೆ ಬಿಟ್ರೆ ಬೇರೇನೂ ಬೇಡ. ನಿಂಗೆ ಕೆಲಸ ಕಲಿಸಿದವನು ನಾನು."

"ಅದಕ್ಕೇ ಸರ್," ಎಂದಳು ಅವಳು. "ಫೈಲಿಗೆ ಮುಖ ಇರಲ್ಲ ಅಂತ ನೀವೇ ಕಲಿಸಿದ್ದು. ಅಪ್ಪನ ನೋಟಿಸು ಬರೆಯೋವಾಗ ಕೈ ನಡುಗ್ತಿತ್ತು, ಆಗ ನೀವು ನನ್ನ ಪಕ್ಕ ನಿಂತು ಹೇಳ್ಕೊಟ್ರಿ. ಈಗಲೂ ನಡುಗ್ತಿದೆ. ಬರೀಬೇಕಲ್ವಾ ಸರ್?"

ಅವಳ ದನಿಯಲ್ಲಿ ಸೇಡಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಸೇಡಿದ್ದರೆ ಉಸ್ಸಪ್ಪನಿಗೆ ಅಷ್ಟು ನೋಯುತ್ತಿರಲಿಲ್ಲ.

"ಬರಿ," ಎಂದ.

ಸಾಹೇಬರು ಮೊದಲು ನಂಬಲಿಲ್ಲ, ನಂಬಿದ ಮೇಲೆ ಕ್ಷಮಿಸಲಿಲ್ಲ. ಸದ್ದಾದದ್ದಕ್ಕಲ್ಲ, ಮೂರು ಮಹಡಿಗಳ ಎದುರು ತಾವು ಭಲೇ ಎಂದುಬಿಟ್ಟದ್ದಕ್ಕೆ.

"ಸಾರ್, ನನಗೆ ಗೊತ್ತಿರಲಿಲ್ಲ. ದೊಡ್ಡ ಸೈಲೆನ್ಸರ್ ಅಂದ್ರೆ..."

ಸಾಹೇಬರು ದೂರನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. "'ಉದ್ದೇಶಪೂರ್ವಕ ಮಾರ್ಪಾಡಾಗಿದ್ದು, ಮಾಲೀಕನು ಅಜ್ಞಾನದ ನೆಪ ಹೇಳಲು ಅವಕಾಶ ಕೊಡಕೂಡದು.' ನೋಡಿ, ಬರೆದವರು ಎಷ್ಟು ದೂರ ಯೋಚನೆ ಮಾಡಿದಾರೆ! ಈ ವಿಭಾಗಕ್ಕೆ ಇಷ್ಟು ಚೆನ್ನಾದ ದೂರು ಬಂದೇ ಇಲ್ಲ. ನುಸುಳೋಕೆ ಒಂದು ಸಂದೂ ಬಿಟ್ಟಿಲ್ಲ. ಇಂಥವರ ಹತ್ರ ಕಲೀಬೇಕು ಕಣ್ರೀ ನೀವು!"

ಹೊಗಳಿಕೆಗೆ ಉಸ್ಸಪ್ಪನ ತಲೆ ಅಭ್ಯಾಸಬಲದಿಂದ ಆಡಿತು.

ಸಂಜೆ ಎರಡು ಆದೇಶ ಟೈಪಾದವು. ಒಂದರ ಪ್ರಕಾರ ಕಿರಿಯ ಗುಮಾಸ್ತೆ ಪರಿವೀಕ್ಷಕಿಯಾದಳು. ಅವಳ ವಾಹನ ಮಾದರಿಯೇ ಸರಿ, ಅದಕ್ಕೆ ಸೈಲೆನ್ಸರೇ ಇರಲಿಲ್ಲ. ಇನ್ನೊಂದರ ಪ್ರಕಾರ ಉಸ್ಸಪ್ಪನನ್ನು ವಿಚಾರಣೆ ಮುಗಿಯುವ ತನಕ ನೆಲಮಹಡಿಯ ಆವಕ-ಜಾವಕ ಶಾಖೆಗೆ ಹಾಕಲಾಯಿತು. ಬಂದ ಕಾಗದಕ್ಕೆ ಮುದ್ರೆ ಒತ್ತುವುದು, ಬೇಕಾದವರಿಗೆ ಫಾರಂ ಹಂಚುವುದು ಅಲ್ಲಿಯ ಕೆಲಸ. ಕಾರು, ಸ್ವೆಟರು ಎರಡೂ ಸಾಕ್ಷ್ಯವೆಂದು ಅಂಗಳದಲ್ಲೇ ಉಳಿದವು.

ಮನೆಯಲ್ಲಿ ಹೆಂಡತಿ ಆದೇಶವನ್ನು ಬಲಗಣ್ಣಿಗೆ ಹಿಡಿದು ಓದಿದಳು. ಅದನ್ನು ಮಡಿಸಿ, ಕನ್ನಡಕದ ಹಣವಿದ್ದ ಖಾಲಿ ಡಬ್ಬಿಯೊಳಗಿಟ್ಟಳು. ಆಮೇಲೆ, "ಸ್ವೆಟರ್ ಆದ್ರೂ ಕೊಡ್ತಾರಾ?" ಎಂದಳು.

"ಪ್ರಕರಣ ಮುಗಿದ್ಮೇಲೆ."

"ನೀವು ಅದನ್ನ ಒಂದು ಸಲಾನೂ ಹಾಕ್ಕೊಂಡಿರ್ಲಿಲ್ಲ," ಎಂದು ಒಳಗೆ ಹೋದಳು. ಇಪ್ಪತ್ತು ವರ್ಷ ಆ ಮಾತನ್ನು ಅವಳು ಇಟ್ಟುಕೊಂಡಿದ್ದಳೆಂದು ಉಸ್ಸಪ್ಪನಿಗೆ ಅಂದೇ ತಿಳಿದದ್ದು.

ಮೇಷ್ಟ್ರು ಮರುದಿನ ಬಂದು ಕಣ್ಣಲ್ಲಿ ನೀರು ತಂದುಕೊಂಡರು. "ನಿಮ್ಮದು ಅಂತ ಗೊತ್ತಿದ್ದಿದ್ರೆ ಕೊಡ್ತಾನೇ ಇರ್ಲಿಲ್ಲ ಕಣ್ರೀ. ಆದ್ರೂ ಒಂದು ಮಾತು, ಬರವಣಿಗೆ ಚೆನ್ನಾಗಿ ಬಂದಿತ್ತು ಅಲ್ವಾ?" ಎಂದರು. ಚೆನ್ನಾಗಿ ಬಂದಿತ್ತೆಂದು ಉಸ್ಸಪ್ಪ ಒಪ್ಪಿಕೊಂಡ. ಷಡ್ಡಕನಂತೂ ಫೋನಿನಲ್ಲಿ ಗಹಗಹಿಸಿ, "ಭಾವ, ಬಸ್ಸಿಗೆ ಅಪ್‌ಗ್ರೇಡ್ ಆದ್ರಂತೆ?" ಎಂದ. ಆಮೇಲೆ ದನಿ ತಗ್ಗಿಸಿ, ಪ್ರಕರಣ ಮುಗಿದ ಮೇಲೆ ಆ ಕೊಳವೆ ತನಗೆ ಕೊಡುವಿರಾ ಎಂದು ಕೇಳಿದ.

ನೆಲಮಹಡಿಯ ಹೊಸ ಮೇಜಿನಿಂದ ನೋಡಿದರೆ ಕಿಟಕಿಯಲ್ಲಿ ಕಾರೇ ಕಾಣುತ್ತಿತ್ತು. ಪಾರಿವಾಳಗಳು ಅದನ್ನು ಬೆಳ್ಳಗೆ ಮಾಡಿದ್ದವು. ತಿಂಗಳುಗಳು ಕಳೆದವು, ವಿಚಾರಣೆ ಶುರುವಾಗಲಿಲ್ಲ. ಕಾರನ್ನಾದರೂ ಬಿಡಿಸಿಕೊಳ್ಳೋಣವೆಂದು ಒಂದು ದಿನ ಅರ್ಜಿ ಬರೆದುಕೊಂಡು ಉಸ್ಸಪ್ಪ ಮೆಟ್ಟಿಲು ಹತ್ತಿದ. ಇಪ್ಪತ್ತೆರಡು ವರ್ಷ ಹತ್ತಿದ ಮೆಟ್ಟಿಲುಗಳೇ. ಆದರೆ ನಡುವೆ ಎರಡು ಕಡೆ ನಿಲ್ಲಬೇಕಾಯಿತು.

ಮೂರನೆಯ ಮಹಡಿಯಲ್ಲಿ ಅವನ ಹಳೆಯ ಮೇಜಿನ ಹಿಂದೆ ಹಿಂದಿನ ದಿನವಷ್ಟೇ ವರ್ಗವಾಗಿ ಬಂದ ಗುಮಾಸ್ತನೊಬ್ಬ ತಲೆ ತಗ್ಗಿಸಿ ಬರೆಯುತ್ತಿದ್ದ. ಅವನ ಹಿಂದೆ ಆ ದಪ್ಪ ಬಾಗಿಲು ಮುಚ್ಚಿತ್ತು. ಒಳಗಿನಿಂದ ಒಂದು ಚೂರೂ ಸದ್ದಿರಲಿಲ್ಲ. ಉಸ್ಸಪ್ಪ ಹಿಡಿಕೆಯನ್ನು ನೋಡುತ್ತ ನಿಂತ. ಆಮೇಲೆ ಮರದ ಕುರ್ಚಿಯಲ್ಲಿ ಕುಸಿದ.

"ಉಸ್ಸಪ್ಪಾ!" ಎಂದ.

ಗುಮಾಸ್ತ ತಲೆಯೆತ್ತಲಿಲ್ಲ. "ಏನಾಗಬೇಕಿತ್ತು?"

ಕಾರಿನ ಅರ್ಜಿ ಕೈಯಲ್ಲೇ ಇತ್ತು. ಆದರೆ ಇಪ್ಪತ್ತೆರಡು ವರ್ಷ ತಾನೇ ಸಾವಿರಾರು ಜನಕ್ಕೆ ಕೇಳಿದ ಈ ಪ್ರಶ್ನೆಯನ್ನು ತನಗೆ ಯಾರೂ ಒಮ್ಮೆಯೂ ಕೇಳಿರಲಿಲ್ಲ.

"ಪರಿವೀಕ್ಷಕ ಆಗಬೇಕಿತ್ತು," ಎಂದ ಉಸ್ಸಪ್ಪ.

"ಅದಕ್ಕೆ ಫಾರಂ ಬೇರೆ," ಎಂದ ಗುಮಾಸ್ತ, ಹಾಳೆ ಮಗುಚುತ್ತ. "ಕೆಳಗಡೆ ಆವಕ-ಜಾವಕದಲ್ಲಿ ಸಿಗುತ್ತೆ. ಅಲ್ಲಿ ಒಬ್ಬರು ಕೂತಿರ್ತಾರೆ, ಅವರನ್ನ ಕೇಳಿ."

"ಅವರು ಸೀಟಲ್ಲಿಲ್ಲ," ಎಂದ ಉಸ್ಸಪ್ಪ.

"ಹಾಗಾದ್ರೆ ನಾಳೆ ಬನ್ನಿ."